ಲಸಿಕೆ ಮಾರುವ ಅಂಗಡಿಯಲ್ಲೇ ಲಸಿಕೆ ಹಾಕುವ ವ್ಯವಸ್ಥೆಯೂ ಬರಲಿ

ಮಾನ್ಯ ಸಂಪಾದಕರೇ,

ವಿದೇಶಕ್ಕೆ ಹೊರಟವರು ದಾವಣಗೆರೆಯಲ್ಲಿ ಲಸಿಕೆ ಹಾಕಿಸಿಕೊಳ್ಳಲು ಪಡುವ ಪಾಡನ್ನು ಆರೋಗ್ಯ ಇಲಾಖೆಯ ಅಧಿಕಾರಿಗಳು ಒಮ್ಮೆ ಕಣ್ಣಾರೆ ನೋಡಬೇಕು. ವೈದ್ಯರ ಚೀಟಿ ಹಿಡಿದು ಔಷಧ ಅಂಗಡಿಗೆ ಹೋದರೆ, ಅಂಗಡಿಯವರು ಫ್ರಿಜ್ಜಿನಿಂದ ಲಸಿಕೆಯ ಡಬ್ಬಿ ತೆಗೆದು, ಪ್ಲಾಸ್ಟಿಕ್ ಕವರಿಗೆ ಒಂದಿಷ್ಟು ಮಂಜುಗಡ್ಡೆ ಹಾಕಿ, ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿ ಕೊಡುತ್ತಾರೆ. ಅದನ್ನು ಸ್ಕೂಟರಿಗೆ ನೇತುಹಾಕಿಕೊಂಡು ಏಪ್ರಿಲ್ ಬಿಸಿಲಿನಲ್ಲಿ ಕ್ಲಿನಿಕ್ ತಲುಪಿದರೆ ವೈದ್ಯರು ಇನ್ನೂ ಬಂದಿರುವುದಿಲ್ಲ. ಕಾಯುತ್ತ ಕುಳಿತಾಗ ಮಂಜುಗಡ್ಡೆ ಕರಗಿ, ಡಬ್ಬಿಯ ರಟ್ಟು ನೆನೆದು ಮೆತ್ತಗಾಗಿರುತ್ತದೆ. ಪಿ.ಜೆ. ಬಡಾವಣೆಯ ಕ್ಲಿನಿಕ್ಕುಗಳ ಜಗಲಿಯಲ್ಲಿ ಇಂತಹ ಕವರು ಹಿಡಿದು ಕುಳಿತ ತಂದೆ ತಾಯಂದಿರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವಿನ ತಂಪಿನಲ್ಲಿ ಇಡಬೇಕು. ಬಿಸಿಲಿಗೆ ಕೆಡುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಅತಿಯಾದ ತಂಪಿಗೂ ಕೆಡುತ್ತವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಹೆಪಟೈಟಿಸ್-ಬಿ, ಧನುರ್ವಾಯು ಮುಂತಾದ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಅವು ಒಮ್ಮೆ ಹೆಪ್ಪುಗಟ್ಟಿದರೆ ಆ ಲವಣ ಗಂಟುಗಂಟಾಗಿ ತಳಕ್ಕಿಳಿಯುತ್ತದೆ, ಮತ್ತೆ ಕರಗಿಸಿದರೂ ಲಸಿಕೆಯ ಶಕ್ತಿ ಮರಳುವುದಿಲ್ಲ. ಆದ್ದರಿಂದಲೇ ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದ ಕೂಡಲೇ ಬಳಸುವುದಿಲ್ಲ. ಅದು ಬೆವರಿ, ಅಲುಗಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲಷ್ಟೇ ಲಸಿಕೆಯ ಪೆಟ್ಟಿಗೆಗೆ ಹಾಕುತ್ತಾರೆ. ಹಳ್ಳಿಯ ಅಂಗನವಾಡಿಗೆ ಬರುವ ಆರೋಗ್ಯ ಸಹಾಯಕಿ ಇಷ್ಟು ಎಚ್ಚರ ವಹಿಸುತ್ತಾರೆ. ಆದರೆ ಸಾವಿರಾರು ರೂಪಾಯಿ ತೆತ್ತು ಲಸಿಕೆ ಕೊಂಡವರ ಕೈಗೆ ಸಿಗುವುದು ಪ್ಲಾಸ್ಟಿಕ್ ಕವರು ಮತ್ತು ಮಂಜುಗಡ್ಡೆ. ಅಂಗಡಿಯ ಫ್ರಿಜ್ಜಿನವರೆಗೆ ಕಾಪಾಡಿಕೊಂಡು ಬಂದ ತಂಪು ಕೊನೆಯ ಒಂದೆರಡು ಕಿಲೋಮೀಟರಿನಲ್ಲಿ ಹಾಳಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಲಸಿಕೆ ಇರುವ ಜಾಗದಲ್ಲೇ ಅದನ್ನು ಹಾಕಿದರೆ ಈ ತೊಂದರೆ ತಾನಾಗಿಯೇ ತಪ್ಪುತ್ತದೆ. ಹಾಗೆ ಮಾಡುವ ದೇಶಗಳಿವೆ. ಅಮೆರಿಕದ 50 ರಾಜ್ಯಗಳೂ 2009ರ ಹೊತ್ತಿಗೆ ಫಾರ್ಮಾಸಿಸ್ಟರಿಗೆ ಲಸಿಕೆ ಹಾಕುವ ಅಧಿಕಾರ ಕೊಟ್ಟಿದ್ದವು. ಬ್ರಿಟನ್ನಿನಲ್ಲಿ ಪ್ರವಾಸಕ್ಕೆ ಬೇಕಾದ ಲಸಿಕೆಗಳನ್ನು ಬೀದಿ ಬದಿಯ ಔಷಧಾಲಯದಲ್ಲೇ ಹಾಕಿಸಿಕೊಳ್ಳಬಹುದು. ಲೀಡ್ಸ್ ನಗರದಲ್ಲಿರುವ ನನ್ನ ಮಗಳು ಕಚೇರಿ ಕೆಲಸಕ್ಕೆ ಘಾನಾ ದೇಶಕ್ಕೆ ಹೋಗಬೇಕಾಗಿ ಬಂದಾಗ ನಾನು ಅಲ್ಲಿಯೇ ಇದ್ದೆ, ಅವಳ ಜೊತೆ ಹೋಗಿದ್ದೆ. ಘಾನಾಕ್ಕೆ ಕಾಲಿಡುವವರ ಬಳಿ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ ಇರಲೇಬೇಕು.

ಔಷಧಾಲಯದ ಹಿಂಭಾಗದಲ್ಲಿ ಒಂದು ಪುಟ್ಟ ಕೋಣೆ. ಫಾರ್ಮಾಸಿಸ್ಟ್ ಹೆಣ್ಣುಮಗಳು ಸೂಜಿ ಮುಟ್ಟುವ ಮೊದಲು ಪ್ರಶ್ನೆಗಳ ಹಾಳೆಯನ್ನು ಮುಂದಿಟ್ಟುಕೊಂಡು ಕುಳಿತರು. ಮೊಟ್ಟೆ ತಿಂದರೆ ಅಲರ್ಜಿ ಆಗುತ್ತದೆಯೇ, ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ನುಂಗುತ್ತಿದ್ದೀರಾ, ಗರ್ಭಿಣಿಯೇ, ಎದೆಯೊಳಗಿನ ಥೈಮಸ್ ಗ್ರಂಥಿಗೆ ಎಂದಾದರೂ ಕಾಯಿಲೆ ಬಂದಿತ್ತೇ ಎಂದು ಒಂದೊಂದಾಗಿ ಕೇಳಿ ಗುರುತು ಹಾಕಿಕೊಂಡರು. ಈ ಲಸಿಕೆಯನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ, ಅದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಆದ್ದರಿಂದ ಆ ಪ್ರಶ್ನೆಗಳಲ್ಲಿ ಒಂದನ್ನೂ ಬಿಡುವಂತಿಲ್ಲ. ಬಳಿಕ ಲಸಿಕೆಯ ಬ್ಯಾಚ್ ಸಂಖ್ಯೆಯನ್ನು ಬರೆದುಕೊಂಡು, ಚುಚ್ಚುಮದ್ದು ಕೊಟ್ಟು, ಆ ಪ್ರಮಾಣಪತ್ರವಾದ ಹಳದಿ ಕಾರ್ಡಿಗೆ ಮೊಹರು ಒತ್ತಿದರು. ಅಲರ್ಜಿ ಏನಾದರೂ ಆದರೆ ಕೈಗೆಟುಕುವಂತೆ ಅಡ್ರಿನಾಲಿನ್ ಚುಚ್ಚುಮದ್ದು ಪಕ್ಕದಲ್ಲೇ ಇತ್ತು. ಕಾಲು ಗಂಟೆ ಕುಳಿತಿದ್ದು ಹೋಗಿ ಎಂದರು. ಕಾರ್ಡು 10 ದಿನಗಳ ನಂತರವಷ್ಟೇ ಊರ್ಜಿತವಾಗುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ ಎಂಬುದನ್ನು ನಮಗೆ ಎರಡೆರಡು ಬಾರಿ ಹೇಳಿದರು. ಅವರ ಗಮನ ಒಂದು ಗಳಿಗೆಯೂ ಅತ್ತಿತ್ತ ಹೋಗಲಿಲ್ಲ. ಇಂತಹ ಕೆಲಸ ನಮ್ಮ ಮಕ್ಕಳಿಗೂ ಬರುತ್ತದಲ್ಲ ಎಂದು ನನಗೆ ಅಲ್ಲಿಯೇ ಅನ್ನಿಸಿತು.

ಇಲ್ಲಿ ನನ್ನ ತಮ್ಮನ ಮಗ ನೈಜೀರಿಯಾಕ್ಕೆ ನೌಕರಿಗೆ ಹೊರಟಾಗ ಇದೇ ಲಸಿಕೆಗಾಗಿ ಬೆಂಗಳೂರಿಗೆ ಓಡಾಡಬೇಕಾಯಿತು. ಕೇಂದ್ರ ಆರೋಗ್ಯ ಸಚಿವಾಲಯ ಮಾನ್ಯ ಮಾಡಿದ ಕೇಂದ್ರದಲ್ಲಿ ಮಾತ್ರ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಬೇಕು, ಬೇರೆಡೆ ಹಾಕಿಸಿಕೊಂಡರೆ ಕಾರ್ಡಿಗೆ ಬೆಲೆಯಿಲ್ಲ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಲಸಿಕೆ ಇದ್ದರೆ, ಪುಡಿಯಾಗಿರುವ ಅದನ್ನು ಒಮ್ಮೆ ದ್ರವದಲ್ಲಿ ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಹಾಗಾಗಿ ಜನ ಸೇರುವ ದಿನವನ್ನು ಗೊತ್ತುಮಾಡಿ ಕರೆಯುತ್ತಾರೆ. ಕಾರಣ ಸರಿಯಾದದ್ದೇ. ಆದರೆ ಸುಮಾರು 260 ಕಿಲೋಮೀಟರ್ ದೂರದಿಂದ ಬಂದವನಿಗೆ ಇನ್ನೊಂದು ದಿನ ಬಾ ಎಂದರೆ ಅವನು ಉಳಿಯುವುದೆಲ್ಲಿ? ಬೆಂಗಳೂರಿನವರಿಗೆ ಅದು ಅರ್ಧ ದಿನದ ಕೆಲಸ. ನಮ್ಮವರಿಗೆ ರೈಲಿನ ಟಿಕೆಟ್, ಊಟ, ವಸತಿ, ಕಳೆದುಕೊಂಡ ಕೂಲಿ ಎಲ್ಲವೂ ಸೇರುತ್ತದೆ.

ಇದು ಸಿರಿವಂತರ ಚಿಂತೆ ಎಂದು ಯಾರೂ ತಳ್ಳಿಹಾಕಬಾರದು. ನಮ್ಮ ಜಿಲ್ಲೆಯಿಂದ ಆಫ್ರಿಕಾಕ್ಕೆ ಹೋಗುವವರಲ್ಲಿ ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಕುಟುಂಬಗಳೂ ಇವೆ. ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರಲು ಸಾಲ ಮಾಡಿ ವಿಮಾನ ಹತ್ತುವ ಜನ ಅವರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಹಕ್ಕಿಪಿಕ್ಕಿಗಳ ಸುದ್ದಿ ನಿಮ್ಮ ಪತ್ರಿಕೆಯ ಓದುಗರಿಗೆ ನೆನಪಿರಬಹುದು. ಅಲ್ಲಿದ್ದ ಭಾರತೀಯರನ್ನು ಕರೆತರಲು ಸರ್ಕಾರ ನಡೆಸಿದ ‘ಆಪರೇಷನ್ ಕಾವೇರಿ’ಯಲ್ಲಿ ಜೀವ ಉಳಿಸಿಕೊಂಡು ತಾಯ್ನಾಡಿಗೆ ಮರಳಿದವರಲ್ಲಿ ಕೆಲವರನ್ನು, ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡಿಲ್ಲವೆಂಬ ಕಾರಣಕ್ಕೆ, ಪ್ರತ್ಯೇಕವಾಗಿ ಇರಿಸಲಾಯಿತು. ನಿಯಮ ಕಠಿಣವಾಗಿರಲೇಬೇಕು. ಹಳದಿ ಜ್ವರ ಹರಡುವ ಈಡಿಸ್ ಸೊಳ್ಳೆ ನಮ್ಮ ಊರಿನ ಪ್ರತಿ ತೊಟ್ಟಿಯಲ್ಲಿದೆ, ಡೆಂಗಿ ಹರಡುತ್ತಿರುವುದೂ ಅದೇ. ಆ ರೋಗ ಭಾರತಕ್ಕೆ ಇನ್ನೂ ಬಂದಿಲ್ಲ, ಬಂದರೆ ತಡೆಯುವುದು ಕಷ್ಟ. ಆದ್ದರಿಂದಲೇ ಕಾರ್ಡಿಲ್ಲದೆ ಆ ರೋಗವಿರುವ ದೇಶಗಳಿಂದ ಬಂದವರನ್ನು 6 ದಿನಗಳವರೆಗೆ ಬೇರೆಯಾಗಿ ಇರಿಸುತ್ತಾರೆ. ಇಷ್ಟು ಕಟ್ಟುನಿಟ್ಟು ಮಾಡುವ ಸರ್ಕಾರ, ಲಸಿಕೆಯನ್ನು ಬಡವರ ಕೈಗೆಟುಕುವ ದೂರದಲ್ಲಿ ಇಡುವ ಹೊಣೆಯನ್ನೂ ಹೊರಬೇಕು.

ಹಜ್ ಕಾಲ ಬಿಟ್ಟು ಬೇರೆ ದಿನಗಳಲ್ಲಿ ಮೆಕ್ಕಾಕ್ಕೆ ಹೋಗುವ ಉಮ್ರಾ ಯಾತ್ರಿಕರ ಮಾತೂ ಇದೆ. ಹಜ್‌ಗೆ ಹೋಗುವವರಿಗೆ ಲಸಿಕಾ ಶಿಬಿರ ನಡೆಯುತ್ತದೆ. ಉಮ್ರಾಕ್ಕೆ ಹೋಗುವವರು ಮೆನಿಂಜೈಟಿಸ್ ಲಸಿಕೆಯನ್ನು ತಾವೇ ಹುಡುಕಿಕೊಳ್ಳಬೇಕು. ಸೌದಿ ತಲುಪುವ ಕನಿಷ್ಠ 10 ದಿನ ಮೊದಲು ಅದು ಮೈಸೇರಿರಬೇಕು. ಟ್ರಾವೆಲ್ಸ್‌ನವರು ಹೊರಡುವ ವಾರದಲ್ಲಿ ನೆನಪಿಸಿದರೆ ಏನು ಪ್ರಯೋಜನ?

ಫಾರ್ಮಾಸಿಸ್ಟರು ಸೂಜಿ ಹಿಡಿಯಬೇಕು ಎಂದರೆ ವೈದ್ಯರು ಹುಬ್ಬೇರಿಸುತ್ತಾರೆ. ಗೋಡೆಯ ಮೇಲೆ ಒಬ್ಬರ ಪ್ರಮಾಣಪತ್ರ, ಕೌಂಟರಿನಲ್ಲಿ ಇನ್ನೊಬ್ಬರು ಎಂಬಂತಹ ಅಂಗಡಿಗಳಿರುವಾಗ ಅವರ ಆತಂಕ ನ್ಯಾಯವಾದದ್ದು. ಅಂತಹ ಅಂಗಡಿಗೆ ಲಸಿಕೆ ಮಾರುವ ಪರವಾನಗಿಯೂ ಇರಬಾರದು ಎಂಬುದು ನನ್ನ ಅಭಿಪ್ರಾಯ. ನಾನು ಕೇಳುತ್ತಿರುವುದು ಬೀದಿಗೊಂದು ಲಸಿಕಾ ಕೇಂದ್ರವಲ್ಲ. ಓದಿ ನೋಂದಣಿಯಾದ ಫಾರ್ಮಾಸಿಸ್ಟ್ ಖುದ್ದಾಗಿ ಇರುವ, ಪ್ರತ್ಯೇಕ ಕೋಣೆ, ತಾಪಮಾನ ದಾಖಲಾಗುವ ಫ್ರಿಜ್ಜು, ಅಡ್ರಿನಾಲಿನ್, ಹತ್ತಿರದ ಆಸ್ಪತ್ರೆಯ ನೆರವು ಇರುವ ಕೆಲವೇ ಔಷಧಾಲಯಗಳನ್ನು ಆರಿಸಿ, ವೈದ್ಯರ ಚೀಟಿಯ ಮೇರೆಗೆ ಪ್ರಯೋಗವಾಗಿ ಆರಂಭಿಸಲಿ. ಬಿ.ಫಾರ್ಮಾ ಓದಲು ನಾಲ್ಕು ವರ್ಷ, 2008ರಲ್ಲಿ ಬಂದ ಫಾರ್ಮ್.ಡಿ. ಓದಲು ಆರು ವರ್ಷ ಬೇಕು. ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಔಷಧ ವಿಜ್ಞಾನದ ಕಾಲೇಜುಗಳಿವೆ, ಪಕ್ಕದಲ್ಲೇ ವೈದ್ಯಕೀಯ ಕಾಲೇಜುಗಳೂ ಇವೆ. ತರಬೇತಿಗೆ ಬೇರೆ ಊರಿಗೆ ಹೋಗಬೇಕಾಗಿಲ್ಲ. ಇದಕ್ಕೆ ಕಾನೂನಿನಲ್ಲಿ ತಿದ್ದುಪಡಿ ಬೇಕಾಗುತ್ತದೆ, ಸಮಯ ಹಿಡಿಯುತ್ತದೆ ಎಂಬುದು ನನಗೆ ತಿಳಿದಿದೆ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಇಲ್ಲಿನ ಯಾವುದಾದರೂ ವೈದ್ಯಕೀಯ ಕಾಲೇಜಿನಲ್ಲಿ ತಿಂಗಳಿಗೆ ಒಂದೆರಡು ದಿನವಾದರೂ ಹಳದಿ ಜ್ವರದ ಲಸಿಕೆ ಸಿಗುವಂತೆ ಮಾನ್ಯತೆ ಕೊಡಿಸಲು ನಮ್ಮ ಸಂಸದರು ಕೇಂದ್ರ ಆರೋಗ್ಯ ಸಚಿವಾಲಯದ ಮುಂದೆ ಒತ್ತಾಯ ಮಾಡಲಿ. ಚಿತ್ರದುರ್ಗ, ಹರಿಹರ, ರಾಣೆಬೆನ್ನೂರು ಕಡೆಯವರಿಗೂ ಅನುಕೂಲವಾಗುತ್ತದೆ. ಔಷಧ ನಿಯಂತ್ರಣ ಇಲಾಖೆಯು, ಲಸಿಕೆ ಮಾರುವ ಪ್ರತಿ ಅಂಗಡಿಯೂ ಠೇವಣಿ ಪಡೆದು ಹಿಂದಿರುಗಿಸುವ ತಂಪು ಪೆಟ್ಟಿಗೆಯಲ್ಲೇ ಲಸಿಕೆ ಕೊಡಬೇಕೆಂದು ಸೂಚನೆ ಹೊರಡಿಸಲಿ. ವಿದೇಶಕ್ಕೆ ಹೋಗುವವರು ಯಾವ ದೇಶಕ್ಕೆ ಯಾವ ಲಸಿಕೆಯನ್ನು ಎಷ್ಟು ದಿನ ಮೊದಲು ಹಾಕಿಸಿಕೊಳ್ಳಬೇಕು ಎಂಬ ಕನ್ನಡದ ಫಲಕವನ್ನು ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಹಾಕಿಸುವ ಕೆಲಸವನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಈ ತಿಂಗಳಲ್ಲೇ ಕೈಗೆತ್ತಿಕೊಳ್ಳಲಿ.

– ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ