ಗಿನಿಪಿಗ್‌ಗಳನ್ನು ಆರೋಗ್ಯವಾಗಿರುವಾಗಲೇ ವೈದ್ಯರಿಗೆ ತೋರಿಸಿ

ಮಾನ್ಯ ಸಂಪಾದಕರೇ,

ಮಡಿಕೇರಿ, ಕುಶಾಲನಗರ, ವಿರಾಜಪೇಟೆಯ ಮನೆಗಳಲ್ಲಿ ಈಚೆಗೆ ನಾಯಿ, ಬೆಕ್ಕುಗಳ ಜೊತೆಗೆ ಗಿನಿಪಿಗ್‌ಗಳೂ ಕಾಣಿಸುತ್ತಿವೆ. ನಮ್ಮ ಮನೆಗೂ ಮಗಳ ಒತ್ತಾಯದಿಂದ ಒಂದು ಜೋಡಿ ಬಂದಿದೆ. ಅವನ್ನು ಮೊದಲ ಬಾರಿಗೆ ಪಶುವೈದ್ಯರಲ್ಲಿಗೆ ಕರೆದೊಯ್ದಾಗ ತಿಳಿದುಬಂದ ಕೆಲವು ಸಂಗತಿಗಳನ್ನು ಸಾಕುವವರ ಮುಂದೆಯೂ, ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಮುಂದೆಯೂ ಇಡಲು ಈ ಪತ್ರ.

ಗಿನಿಪಿಗ್‌ಗಳಿಗೆ ನಾಯಿಗಳಿಗಿರುವಂತೆ ವರ್ಷಕ್ಕೊಮ್ಮೆ ಹಾಕಿಸಬೇಕಾದ ಲಸಿಕೆಗಳಿಲ್ಲ. ಆದ್ದರಿಂದ ಕಾಯಿಲೆ ಬಂದಾಗ ತೋರಿಸಿದರಾಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಬೇಟೆಗೆ ಬಲಿಯಾಗುವ ಪ್ರಾಣಿಗಳ ಜಾತಿಗೆ ಸೇರಿದ ಇದು ತನ್ನ ನೋವನ್ನು ಕೊನೆಯವರೆಗೂ ಮರೆಮಾಚುತ್ತದೆ. ರೋಮ ನಿಮಿರಿಸಿಕೊಂಡು, ಮೂಲೆ ಹಿಡಿದು ಕೂರುವ ಹೊತ್ತಿಗೆ ರೋಗ ಬಹಳ ಮುಂದುವರಿದಿರುತ್ತದೆ; ಅರ್ಧ ದಿನ ಮೇವು ಮುಟ್ಟದಿದ್ದರೂ ಕರುಳಿನ ಚಲನೆ ನಿಧಾನವಾಗಿ ಪ್ರಾಣಕ್ಕೆ ಅಪಾಯ ಒದಗಬಹುದು. ಅಂಥ ರಾತ್ರಿಯಲ್ಲಿ, ಅದೂ ಆಟಿಯ ಮಳೆಯಲ್ಲಿ, ಈ ಪ್ರಾಣಿಯನ್ನು ಬಲ್ಲ ವೈದ್ಯರು ಯಾರೆಂದು ಹುಡುಕಲು ಹೊರಡುವುದಕ್ಕಿಂತ, ಮನೆಗೆ ತಂದ ಒಂದೆರಡು ವಾರಗಳಲ್ಲೇ ಒಮ್ಮೆ ತೋರಿಸಿ ಪರಿಚಯ ಮಾಡಿಕೊಳ್ಳುವುದು ಲೇಸು.

ಆ ಮೊದಲ ಭೇಟಿಯಲ್ಲಿ ತೂಕವನ್ನು ಬರೆಸಿಕೊಳ್ಳಬೇಕು. ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700ರಿಂದ 1200 ಗ್ರಾಂ ತೂಗುತ್ತದೆ. ಬಳಿಕ ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟರೆ, ಕಣ್ಣಿಗೆ ಕಾಣದ ಕಾಯಿಲೆ ಅಂಕಿಯಲ್ಲಿ ಕಾಣುತ್ತದೆ. ಹಲ್ಲುಗಳನ್ನೂ ನೋಡಿಸಬೇಕು. ಇರುವ 20 ಹಲ್ಲುಗಳಲ್ಲಿ ನಮಗೆ ಕಾಣುವುದು ಮುಂದಿನ ನಾಲ್ಕು ಮಾತ್ರ. ಎಲ್ಲವೂ ಜೀವನಪರ್ಯಂತ ಬೆಳೆಯುತ್ತಲೇ ಇರುತ್ತವೆ, ಸವೆಯದಿದ್ದರೆ ಕೆಳಗಿನ ದವಡೆ ಹಲ್ಲುಗಳು ನಾಲಿಗೆಯ ಮೇಲೆ ಬಾಗಿ ಅದನ್ನೇ ಅದುಮಿಬಿಡುತ್ತವೆ.

ಇನ್ನು ಗಂಡೋ ಹೆಣ್ಣೋ ಎಂಬುದನ್ನು ಅಂಗಡಿಯವರ ಮಾತಿಗೆ ಬಿಡಬಾರದು. 'ಎರಡೂ ಹೆಣ್ಣು' ಎಂದು ಕೊಟ್ಟದ್ದು ಗಂಡು-ಹೆಣ್ಣಿನ ಜೋಡಿಯಾಗಿದ್ದರೆ ಕೆಲವೇ ವಾರಗಳಲ್ಲಿ ಗರ್ಭ ನಿಲ್ಲುತ್ತದೆ, ಸುಮಾರು ಎರಡು ತಿಂಗಳಿನಿಂದ 72 ದಿನಗಳೊಳಗೆ ಮರಿಗಳಾಗುತ್ತವೆ, ಹೆತ್ತ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಗರ್ಭ ಧರಿಸಬಲ್ಲದು. ಇದಕ್ಕಿಂತ ಗಂಭೀರವಾದ ವಿಷಯವೊಂದಿದೆ. ಹೆಣ್ಣು ಸುಮಾರು ಏಳೆಂಟು ತಿಂಗಳು ದಾಟಿದ ಮೇಲೆ ಮೊದಲ ಬಾರಿ ಗರ್ಭ ಧರಿಸಿದರೆ, ಅಷ್ಟರಲ್ಲಿ ಸೊಂಟದ ಮೂಳೆಗಳ ಸಂದು ಗಟ್ಟಿಯಾಗಿಬಿಡುವುದರಿಂದ ಹೆರಿಗೆ ಕಷ್ಟವಾಗಿ ತಾಯಿ ಸಾಯುವ ಸಂಭವ ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದುದು ಔಷಧಿಯ ವಿಷಯ. ಮನುಷ್ಯರಿಗೂ ನಾಯಿಗಳಿಗೂ ಧಾರಾಳವಾಗಿ ಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಪೆನಿಸಿಲಿನ್ ಗುಂಪಿನ ಔಷಧಿಗಳನ್ನು ಬಾಯಿಯ ಮೂಲಕ ಕೊಟ್ಟರೆ, ಗಿನಿಪಿಗ್‌ನ ಕರುಳಿನಲ್ಲಿ ಜೀರ್ಣಕ್ರಿಯೆಗೆ ನೆರವಾಗುವ ಸೂಕ್ಷ್ಮಜೀವಿಗಳು ನಾಶವಾಗಿ, ಅವುಗಳ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಬೆಳೆದು ವಿಷ ಉತ್ಪಾದಿಸುತ್ತದೆ. ಭೇದಿಯಾಗಿ ಕೆಲವೇ ದಿನಗಳಲ್ಲಿ ಪ್ರಾಣಿ ಸಾಯಬಹುದು. ಕ್ಲಿಂಡಾಮೈಸಿನ್, ಎರಿಥ್ರೊಮೈಸಿನ್ ಕೂಡ ಹೀಗೆಯೇ ಅಪಾಯಕಾರಿ. ಮನೆಯ ಕಪಾಟಿನಲ್ಲಿ ಉಳಿದ ಮಾತ್ರೆಯನ್ನು ಪುಡಿಮಾಡಿ ಕುಡಿಸುವ ಅಭ್ಯಾಸವುಳ್ಳವರು ಇದನ್ನು ಗಮನಿಸಬೇಕು. ಗಿನಿಪಿಗ್‌ಗಳಿಗೆ ವಾಂತಿ ಮಾಡುವ ಶಕ್ತಿಯೂ ಇಲ್ಲ; ಹಾಗಾಗಿ ಶಸ್ತ್ರಚಿಕಿತ್ಸೆಗೆ ಮುನ್ನ ನಾಯಿಗಳನ್ನು ರಾತ್ರಿಯಿಡೀ ಉಪವಾಸ ಇಡುವಂತೆ ಇವುಗಳನ್ನು ಇಡಬಾರದು. ನಾವು ಕಂಡ ವೈದ್ಯರು ದನ, ಹಂದಿ, ನಾಯಿಗಳನ್ನೇ ಹೆಚ್ಚಾಗಿ ನೋಡುವವರು. ಅವರು ಅದನ್ನು ಮುಚ್ಚಿಡದೆ, ಪುಸ್ತಕ ತೆರೆದು, ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿ ವಿಚಾರಿಸಿದ ಮೇಲೆಯೇ ಸಲಹೆ ನೀಡಿದರು. ಇದರಿಂದ ಅವರ ಮೇಲೆ ನನಗೆ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಕರೆದೊಯ್ಯುವಾಗ ಒಂಟಿಯಾಗಿ ಒಯ್ಯದೆ ಜೋಡಿಯನ್ನು ಒಟ್ಟಿಗೇ, ಗಾಳಿಯಾಡುವ ಗಟ್ಟಿ ಪೆಟ್ಟಿಗೆಯಲ್ಲಿ ಟವೆಲ್ ಹಾಸಿ, ತಿನ್ನಲು ಹುಲ್ಲನ್ನೂ ಸೌತೆಕಾಯಿ ಹೋಳನ್ನೂ ಇಟ್ಟು ಒಯ್ಯುವುದು ಒಳ್ಳೆಯದು. ನಮ್ಮ ತಿರುವುಗಳ ರಸ್ತೆಯಲ್ಲಿ ನೀರಿನ ಬಾಟಲಿ ಚೆಲ್ಲಿ ಹಾಸು ಒದ್ದೆಯಾಗುತ್ತದೆ. ಆಸ್ಪತ್ರೆಯಲ್ಲಿ ನಾಯಿಗಳಿಂದ ದೂರ ಕೂರಬೇಕು. ಭಯದ ಕಾರಣವೊಂದೇ ಅಲ್ಲ, ಕಾಯಿಲೆ ತೋರದ ನಾಯಿಯಲ್ಲೂ ಇರಬಹುದಾದ ಬೊರ್ಡೆಟೆಲ್ಲಾ ಬ್ಯಾಕ್ಟೀರಿಯಾ ಗಿನಿಪಿಗ್‌ಗೆ ನ್ಯುಮೋನಿಯಾ ತರಬಲ್ಲದು.

ವೈದ್ಯರು ಮೇವಿನ ಬಗ್ಗೆ ಕೇಳಿಯೇ ಕೇಳುತ್ತಾರೆ. ನಮ್ಮಂತೆಯೇ ಗಿನಿಪಿಗ್‌ನ ದೇಹವೂ ವಿಟಮಿನ್ ಸಿ ತಯಾರಿಸಲಾರದು. ತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಹೊರಗಿನಿಂದ ಸಿಗಬೇಕು, ಇಲ್ಲವಾದರೆ ಕೀಲುಗಳು ನೊಂದು, ಒಸಡಿನಲ್ಲಿ ರಕ್ತ ಒಸರುವ ಸ್ಕರ್ವಿ ಬರುತ್ತದೆ. ನೀರಿಗೆ ಹಾಕಿದ ಹನಿಗಳ ಸತ್ವ ಬೇಗ ಇಳಿದುಹೋಗುವುದರಿಂದ ದಪ್ಪ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪುಗಳನ್ನೇ ನಂಬುವುದು ಮೇಲು. ನಮ್ಮ ಕಿತ್ತಳೆಯಲ್ಲಿ ಸಕ್ಕರೆ ಇರುವುದರಿಂದ ಅಪರೂಪಕ್ಕೆ ಒಂದು ತೊಳೆ ಸಾಕು. ಆದರೆ ದಿನದ ಮೇವಿನ ಬಹುಭಾಗ ಹುಲ್ಲೇ ಆಗಿರಬೇಕು. ತೋಟದಿಂದ ಹುಲ್ಲು ಕೊಯ್ದು ತರುವವರಿಗೆ ಇಲ್ಲೊಂದು ಎಚ್ಚರಿಕೆ: ಮಳೆಗೆ ಮುಂಚೆ ಕಾಫಿಗೂ ಕರಿಮೆಣಸಿಗೂ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತ ಗಿಡದ ಕೆಳಗಿನ ಹುಲ್ಲಿನ ಮೇಲೂ ಬಿದ್ದಿರುತ್ತದೆ, ಕಳೆನಾಶಕ ಹೊಡೆದ ಬದುಗಳ ಹುಲ್ಲಂತೂ ಬೇಡವೇ ಬೇಡ.

ಇಲಾಖೆಗೆ ನನ್ನ ವಿನಂತಿ ದೊಡ್ಡದೇನಲ್ಲ. ಜಿಲ್ಲೆಯ ದೊಡ್ಡ ಪಶು ಆಸ್ಪತ್ರೆಯೊಂದರಲ್ಲಿ ವಾರಕ್ಕೊಂದು ಮಧ್ಯಾಹ್ನ, ದನ ಮತ್ತು ನಾಯಿಗಳ ಸರದಿ ಮುಗಿದ ಮೇಲೆ, ಗಿನಿಪಿಗ್, ಮೊಲಗಳಂಥ ಸಣ್ಣ ಪ್ರಾಣಿಗಳಿಗೆಂದೇ ಸಮಯ ನಿಗದಿಪಡಿಸಬೇಕು. ಸಂದೇಹ ಬಂದಾಗ ನಮ್ಮ ವೈದ್ಯರು ಹಾಸನದ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ತಜ್ಞರನ್ನು ಫೋನಿನಲ್ಲೇ ಸಂಪರ್ಕಿಸಲು ವ್ಯವಸ್ಥೆ ಇರಬೇಕು. ಸಾಕುಪ್ರಾಣಿ ಅಂಗಡಿಗಳಿಗೆ ನೋಂದಣಿ ಕಡ್ಡಾಯಗೊಳಿಸಿದ 2018ರ ಕೇಂದ್ರದ ನಿಯಮಗಳು ನಾಯಿ, ಬೆಕ್ಕುಗಳ ಜೊತೆ ಗಿನಿಪಿಗ್‌ಅನ್ನೂ ಹೆಸರಿಸಿಯೇ ಸಾಕುಪ್ರಾಣಿ ಎಂದಿವೆ. ಹೀಗಿರುವಾಗ ಮಾರುವವರು ಪ್ರಾಣಿಯ ವಯಸ್ಸು, ಲಿಂಗ ಮತ್ತು ಅಲ್ಲಿಯವರೆಗೆ ತಿನ್ನಿಸಿದ ಮೇವಿನ ವಿವರವನ್ನು ಒಂದು ಚೀಟಿಯಲ್ಲಿ ಬರೆದುಕೊಡುವಂತೆ ಅಧಿಕಾರಿಗಳು ಸೂಚಿಸಲಿ. ವೈದ್ಯರು ಮೊದಲ ದಿನ ಕೇಳುವ ಪ್ರಶ್ನೆಗಳೂ ಇವೇ.

- ಓದುಗರೊಬ್ಬರು, ಸುಂಟಿಕೊಪ್ಪ, ಕೊಡಗು