ಮೂರನೇ ಪಿಸ್ಟನ್ ಮೇಲಿನ ಗುರುತು: ಮಗಳಿಗೊಂದು ಪತ್ರ

ಪುಟ್ಟಿ,

ನೀನು ನನ್ನ ಫೋನ್ ಎತ್ತಲ್ಲ, ಅಮ್ಮನ ಹತ್ರ ಮಾತ್ರ ಮಾತಾಡ್ತೀಯ, ಅದಕ್ಕೇ ಶೆಡ್ಡಲ್ಲಿ ಕೂತು ಇದನ್ನ ಟೈಪ್ ಮಾಡ್ತಾ ಇದೀನಿ. ರಾತ್ರಿ ಹನ್ನೊಂದಾಯ್ತು. ಸಂಜೆಯಿಂದ ಬಿಟ್ಟೂಬಿಡದೆ ಮಳೆ, ಕರೆಂಟಿಲ್ಲ, ಎಮರ್ಜೆನ್ಸಿ ಲೈಟ್ ಹಾಕ್ಕೊಂಡಿದೀನಿ.

ಮೊದಲು ಹೇಳ್ಬೇಕಾದ್ದು ಹೇಳ್ಬಿಡ್ತೀನಿ. ನೀನು ಹೇಳಿದ್ದೇ ಸರಿ. ಜೀಪಿನ ಇಂಜಿನ್ನಿಂದ ಬರ್ತಿದ್ದ ಆ ಟಿಕ್ ಟಿಕ್, ವಾಲ್ವ್ ಗ್ಯಾಪ್ ಸಡಿಲವಾದಾಗ ಬರೋ ಟ್ಯಾಪೆಟ್ ಸದ್ದಲ್ಲ.

ಇವತ್ತು ಮಧ್ಯಾಹ್ನ ಸಿಲಿಂಡರ್ ಮೇಲಿನ ಮುಚ್ಚಳ, ಹೆಡ್ಡು, ಬಿಚ್ಚಿದೆ. ಮೂರನೇ ಪಿಸ್ಟನ್ ತಲೆ ಮೇಲೆ ಮಸಿ ಕೂತಿರೋ ಜಾಗದಲ್ಲಿ ಒಂದು ಗುರುತು, ಉಗುರಲ್ಲಿ ಒತ್ತಿದ ಹಾಗೆ ಅರ್ಧಚಂದ್ರ, ಬೆಳ್ಳಗೆ ಹೊಳೀತಾ ಇದೆ. ಹೊಗೆ ಹೊರಗೆ ಬಿಡೋ ಎಕ್ಸಾಸ್ಟ್ ವಾಲ್ವ್ ಬಂದು ಪಿಸ್ಟನ್ನಿಗೆ ಮುತ್ತು ಕೊಟ್ಟು ಹೋಗ್ತಾ ಇತ್ತು. ಎರಡು ಸುತ್ತಿಗೊಂದು ಸಲ ಟಿಕ್. ಮಿಕ್ಕ ಮೂರರಲ್ಲಿ ಏನೂ ಇಲ್ಲ. ಫೋಟೋ ಹಾಕಿದೀನಿ ನೋಡು, ಸರಿಯಾಗಿ ಬಂದಿಲ್ಲ, ಕೈ ನಡುಗ್ತಾ ಇತ್ತು.

ನೀನು ಭಾನುವಾರ ಕೇಳಿದ್ದು ಎರಡೇ ಪ್ರಶ್ನೆ. ಹೆಡ್ ತಳ ಉಜ್ಜಿಸಿ ಫೇಸ್ ಮಾಡಿಸ್ದಾಗ ಎಷ್ಟು ತೆಗೆದ್ರು ಅಪ್ಪಾ, ವಾಲ್ವ್ ಎಷ್ಟು ಒಳಗೆ ಕೂತಿದೆ ಅಂತ ಅಳೆದ್ರಾ. ನಾನು ಅಳೆದಿರಲಿಲ್ಲ. ಇಂಜಿನ್ ಹೀಟಾಗಿ ಹೆಡ್ ಬೆಂಡ್ ಆಗಿತ್ತು, ಫೇಸ್ ಮಾಡಿಸ್ದೆ, ಹೊಸ ವಾಲ್ವ್ ಹಾಕ್ಸಿದೆ, ಲೇತ್ ಅಂಗಡಿಯಿಂದ ಬಂದಿದ್ದನ್ನ ಹಾಗೇ ಕೂರಿಸ್ದೆ. ಹೆಡ್ಡಿಂದ ಲೋಹ ತೆಗೆದ ಮೇಲೆ ವಾಲ್ವ್ ಅಷ್ಟೇ ಕೆಳಗೆ ಬರುತ್ತೆ, ಅದು ಕೂರೋ ಸೀಟನ್ನೂ ಅಷ್ಟೇ ಒಳಗೆ ಕಟ್ ಮಾಡಿಸ್ಬೇಕು, ಇದು ನನಗೆ ಗೊತ್ತಿಲ್ಲದ ವಿಷಯ ಏನಲ್ಲ. ಆದ್ರೂ ಬಿಟ್ಟೆ. ಅದನ್ನ ನೀನು ಮೆಕ್ಯಾನಿಕ್ ಎದುರಿಗೆ, ಪಕ್ಕದ ತೋಟದವ್ರ ಎದುರಿಗೆ ಕೇಳಿದಾಗ ನನಗೆ ತಡ್ಕೊಳಕ್ಕೆ ಆಗ್ಲಿಲ್ಲ.

ಆಮೇಲೆ ನೀನು, ಅಪ್ಪಾ ಮೂರನೇದ್ರ ವಾಲ್ವ್ ಗ್ಯಾಪ್ ಒಂದ್ಸಲ ಜಾಸ್ತಿ ಮಾಡಿ ನೋಡೋಣ ಅಂದೆ. ಗ್ಯಾಪ್ ಜಾಸ್ತಿ ಮಾಡಿದ್ರೆ ಸದ್ದೂ ಜಾಸ್ತಿ ಆಗುತ್ತೆ ಅನ್ನೋದು ಕ್ಲೀನರ್ ಹುಡುಗನಿಗೂ ಗೊತ್ತು, ನಿನ್ನ ಓದಿಗೆ ಸುರಿದ ದುಡ್ಡಲ್ಲಿ ಹೊಸ ಇಂಜಿನ್ನೇ ಬರ್ತಿತ್ತು, ಅಂದ್ಬಿಟ್ಟೆ. ಅಂದಿದ್ದು ನಾನೇ. ಬಾಯಿ ತಪ್ಪಿ ಬಂತು ಅಂತ ಹೇಳಲ್ಲ.

ಇಂಜಿನ್ ಸದ್ದು ಕೇಳಕ್ಕೆ ಹಿಡಿದಿದ್ದ ಆ ಉದ್ದದ ಸ್ಕ್ರೂಡ್ರೈವರ್ ಇನ್ನೂ ನಿನ್ನ ಕಿವಿಗೇ ಆನಿಸಿತ್ತು. ನೀನು ಅದನ್ನ ಕೆಳಗಿಳಿಸಿದೆ, ಬನಿಯನ್ ವೇಸ್ಟಲ್ಲಿ ಹಿಡಿಯಿಂದ ತುದಿವರೆಗೂ ಒರೆಸಿದೆ, ಗೋಡೆ ಮೇಲಿನ ಅದರ ಮೊಳೆಗೇ ನೇತು ಹಾಕಿ ಒಳಗೆ ಹೋದೆ. ಒಂದು ಮಾತೂ ಆಡ್ಲಿಲ್ಲ. ಎಸೆದಿದ್ರೆ ಚೆನ್ನಾಗಿತ್ತು ಕಣೆ, ನಾನೂ ನಾಲ್ಕು ಮಾತಾಡಿ ಸುಮ್ಮನಾಗ್ತಿದ್ದೆ. ಒರೆಸಿ ನೇತು ಹಾಕಿದೆಯಲ್ಲ. ನಾಲ್ಕು ದಿನದಿಂದ ಶೆಡ್ಡಿಗೆ ಬಂದಾಗೆಲ್ಲ ಮೊದಲು ಕಣ್ಣು ಹೋಗೋದು ಆ ಮೊಳೆ ಕಡೆಗೇ.

ನೀನು ಮಾರನೇ ಬೆಳಿಗ್ಗೆ ಮೊದಲನೇ ಬಸ್ಸಿಗೇ ಹೋಗ್ಬಿಟ್ಟೆ. ಅವತ್ತು ರಾತ್ರಿ ನಾನೊಬ್ಬನೇ ರಾಕರ್ ಕವರ್ ಬಿಚ್ಚಿ ನೀನು ಹೇಳಿದ ಹಾಗೇ ಮೂರನೇ ಎಕ್ಸಾಸ್ಟ್ ಗ್ಯಾಪ್ ಸ್ವಲ್ಪ ಬಿಡಿಸಿ ಸ್ಟಾರ್ಟ್ ಮಾಡ್ದೆ. ಆ ಸದ್ದು ಇಳಿದೇ ಹೋಯ್ತು. ನಿಂತಲ್ಲೇ ನಿಂತೆ. ಗ್ಯಾಪ್ ಜಾಸ್ತಿ ಆದ್ರೆ ವಾಲ್ವ್ ಅಷ್ಟು ಕಮ್ಮಿ ಕೆಳಗಿಳಿಯುತ್ತೆ, ಬೇಗ ಮುಚ್ಕೊಳುತ್ತೆ, ಪಿಸ್ಟನ್ ಮೇಲೆ ಬರೋ ಹೊತ್ತಿಗೆ ಮುಟ್ಟಲ್ಲ. ನಾನು ಅಷ್ಟು ದಿನ ಏನು ಮಾಡಿದ್ದೆ ಗೊತ್ತಾ, ಸದ್ದು ಬಂತು ಅಂತ ಮೂರು ಸಲ ಸಂದು ಅಳೆಯೋ ಫೀಲರ್ ಗೇಜ್ ಹಾಕಿ ಗ್ಯಾಪ್ ಟೈಟ್ ಮಾಡ್ತಾ ಮಾಡ್ತಾ ವಾಲ್ವನ್ನ ಪಿಸ್ಟನ್ ಕಡೆಗೆ ನಾನೇ ತಳ್ತಾ ಇದ್ದೆ.

ನೀನು ಕಂಡುಹಿಡಿದ ರೀತಿ ಅವತ್ತೇ ನೋಡಿದ್ದೆ, ಹೊಗಳೋದು ಬಿಟ್ಟು ಬೈದೆ. ಡೀಸೆಲ್ ಹೋಗೋ ನಾಜಲ್ ಪೈಪಿನ ನಟ್ಟನ್ನ ಒಂದೊಂದಾಗಿ ಸಡಿಲ ಮಾಡಿ ಒಂದೊಂದೇ ಸಿಲಿಂಡರ್ ನಿಲ್ಲಿಸಿದೆ, ಸದ್ದು ಹಾಗೇ ಇತ್ತು, ಹಾಗಾಗಿ ಬೇರಿಂಗೂ ಅಲ್ಲ ಡೀಸೆಲ್ ನಾಕಿಂಗೂ ಅಲ್ಲ ಅಂದೆ. ಪುಲ್ಲಿ ಮೇಲೆ ಚಾಕ್‌ಪೀಸ್ ಗುರುತು ಹಾಕಿ ಫೋನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ ಎಣಿಸಿದೆ, ಹತ್ತು ಸೆಕೆಂಡಲ್ಲಿ ಪುಲ್ಲಿ 130 ಸುತ್ತು, ಟಿಕ್ 65. ಅಲ್ಲಿಗೆ ಎರಡು ಸುತ್ತಿಗೊಂದು ಸಲ ವಾಲ್ವ್ ತೆರೆಯೋ ಕ್ಯಾಮ್ ಲೆಕ್ಕದಲ್ಲಿ ಓಡೋ ಸದ್ದು, ವಾಲ್ವ್ ಕಡೆಯದ್ದೇ. ಮೂವತ್ತು ವರ್ಷ ಇಂಜಿನ್ ಬಿಚ್ಚಿ ಕಟ್ಟಿದೀನಿ ಪುಟ್ಟಿ, ಹೀಗೆ ಎಣಿಸ್ಬೋದು ಅಂತ ನನಗೆ ಹೊಳೆದಿರಲಿಲ್ಲ. ಈ ಮಾತನ್ನ ಇವತ್ತು ಮೆಕ್ಯಾನಿಕ್‌ಗೂ ಹೇಳ್ದೆ, ಪಕ್ಕದ ತೋಟಕ್ಕೆ ನಾನೇ ಹೋಗಿ ಅವರಿಗೂ ಹೇಳಿ ಬಂದೆ.

ಈ ಹಳೇ ಮಹೀಂದ್ರ ಎಂಎಂ 540 ಜೀಪನ್ನ ಮಾರಿ ಅಂತ ಎಲ್ಲರೂ ಹೇಳ್ತಾರೆ. 2112 ಸಿಸಿ ಪ್ಯೂಜೋ ಇಂಜಿನ್ನು, ಪಾರ್ಟ್ಸಿಗೆ ಊರೂರು ಅಲೀಬೇಕು. ಯಾಕೆ ಮಾರಲ್ಲ ಅಂತ ನಿನಗೆ ಗೊತ್ತು. 2018ರ ಆಗಸ್ಟ್, ಕೊಡಗಲ್ಲಿ ಗುಡ್ಡ ಕುಸಿದ ಆ ಮಳೆ, ಮಾದಾಪುರ ರಸ್ತೆ. ಅದನ್ನ ಬರೆಯೋದು ಬೇಡ.

ಆದ್ರೆ ಒಂದು ಯೋಚನೆ ಬಿಡ್ತಾ ಇಲ್ಲ. ನಿನ್ನ ಸಾಮಾನು ತುಂಬ್ಕೊಂಡು ಇದೇ ಜೀಪಲ್ಲಿ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಬಿಟ್ಟು ಬರ್ತೀನಿ, ಅಲ್ಲಿಂದ ಪುಣೆ ಬಸ್ ಹತ್ತು ಅಂತ ನಾನೇ ಹಠ ಮಾಡಿದ್ದೆ. ಸೆಕೆಂಡ್ ಗೇರಲ್ಲಿ ಇಳೀತಾ ಆ ವಾಲ್ವ್ ಮುರಿದು ಸಿಲಿಂಡರ್ ಒಳಗೆ ಬಿದ್ದಿದ್ರೆ? ಇಂಜಿನ್ ಜಾಮ್ ಆಗಿ ಹಿಂದಿನ ಚಕ್ರ ನಿಂತು, ಮಳೇಲಿ, ಆ ತಿರುವಲ್ಲಿ, ನೀನು ಪಕ್ಕದ ಸೀಟಲ್ಲಿ. ರಾತ್ರಿ ಎರಡು ಸಲ ಎದ್ದು ಕೂತೆ. ಅಮ್ಮ ಏನಾಯ್ತು ಅಂದ್ರೆ ಏನೂ ಇಲ್ಲ ಅಂದೆ.

ಬುದ್ಧಿ ಹೇಳಕ್ಕೆ ಅಂತ ಬರೀತಾ ಇಲ್ಲ. ಆದ್ರೂ ಪುಣೇಲಿ ಇಂಜಿನ್ ಟೆಸ್ಟಿಂಗ್ ಕೆಲಸ ಅಂದ್ರೆ ಸುತ್ತ ನನ್ನಂಥ ಗಂಡಸರೇ ಇರ್ತಾರೆ, ಅವರು ದನಿ ಏರಿಸಿದ್ರು ಅಂತ ಅಳತೆ ಕೇಳೋದನ್ನ ನಿಲ್ಲಿಸ್ಬೇಡ. ಆಡಿದ್ದನ್ನ ಬರೆದಿಡು, ತಾರೀಖು ಹಾಕು. ಓಡ್ತಿರೋ ಬೆಲ್ಟ್ ಹತ್ರ ಕೂದಲು ಬಿಟ್ಕೊಂಡು ಬಗ್ಗಬೇಡ, ವೇಲ್ ಹಾಕ್ಕೊಂಡು ಹೋಗ್ಲೇಬೇಡ. ಊಟ ಬಿಡ್ಬೇಡ, ಅಮ್ಮ ಕಟ್ಟಿಟ್ಟ ಅಕ್ಕಿರೊಟ್ಟಿನೂ ಬಿಟ್ಟು ಹೋದೆ, ಅವಳು ಅದನ್ನ ಬಿಸಾಡದೆ ಮಾರನೇ ದಿನ ತಾನೇ ತಿಂದ್ಲು. ಮನೆಗೆ ದುಡ್ಡು ಕಳಿಸೋ ಯೋಚನೆ ಈ ವರ್ಷ ಬೇಡ, ಮೆಣಸು ಮಾರಿದ್ದಿದೆ, ಸಾಕು. ಮತ್ತೆ ಸಿಟ್ಟು ಬಂದ್ರೆ ಬೈದು ಹೋಗು, ಸುಮ್ಮನೆ ಹೋಗ್ಬೇಡ. ನೋಡು, ಎಲ್ಲಿಂದ ಎಲ್ಲಿಗೆ ಹೋದೆ.

ಓದಿನ ದುಡ್ಡಿನ ಮಾತು ತಪ್ಪು. ಆ ದುಡ್ಡು ಲೆಕ್ಕಕ್ಕೆ ಹಿಡಿದದ್ದು ತಪ್ಪು. ನಿನ್ನ ಕಿವಿಗೆ ಕೇಳಿಸಿದ್ದು ನನಗೆ ಕೇಳಿಸ್ಲಿಲ್ಲ ಅಂತ ಒಪ್ಕೊಳಕ್ಕೆ ಆಗದೆ ಆಡಿದ್ದು.

ಶನಿವಾರ ರಾತ್ರಿ ಬೆಂಗಳೂರಿಂದಲೇ ಬಸ್ಸು ಅಂತ ಅಮ್ಮ ಅಂದ್ಲು. ನಾಳೆ ಹೆಡ್ ತಗೊಂಡು ಕುಶಾಲನಗರಕ್ಕೆ ಹೋಗ್ತೀನಿ. ಸೀಟ್ ಎಷ್ಟು ಒಳಗೆ ಕಟ್ ಮಾಡಿಸ್ಬೇಕು, ಆ ಮೂರನೇ ವಾಲ್ವ್ ಮತ್ತೆ ಹಾಕ್ಬೋದಾ ಇಲ್ಲ ಹೊಸದೇ ಬೇಕಾ, ನೀನು ಹೇಳ್ದೆ ನಾನು ಕೆಲಸ ಶುರು ಮಾಡ್ಸಲ್ಲ. ಹನ್ನೊಂದು ಗಂಟೆಗೆ ಲೇತ್ ಅಂಗಡಿಯಿಂದ ಫೋನ್ ಮಾಡ್ತೀನಿ. ಎತ್ತು.

ಅಪ್ಪ