ಹಿಂದಿನ ಸೀಟಿನ ಲೆಕ್ಕಾನೂ ಬರೀರಿ

ಮಾನ್ಯ ಸಂಪಾದಕರೇ,

ನಿಮ್ಮ ಪೇಪರಿನ ವಾಹನ ಪುಟಾನ ನಾನು ತಪ್ಪದ ಓದ್ತೀನ್ರಿ, ಯಾಕಂದ್ರ ಗಂಗಾವತಿಯಾಗ ನಮ್ದೊಂದು ಟೈರ್ ಅಂಗಡಿ ಐತಿ, ಗಾಡಿ ಕೆಲಸ ನಮ್ಮನಿಯವ್ರು ನೋಡ್ಕೋತಾರ, ಬಿಲ್ಲು ಗಲ್ಲಾ ಎಲ್ಲಾ ನಂದು. ಅಲೈನ್‌ಮೆಂಟ್ ಮಾಡ್ಸಾಕ ಬಂದ ಗಂಡ ಹೆಂಡ್ತಿ ನನ್ನ ಟೇಬಲ್ ಎದುರಿಗಿನ ಬೆಂಚಿನ ಮ್ಯಾಲನ ಕುಂದರ್ತಾರ, ಇತ್ತೀಚಿಗೆ ಆ ಬೆಂಚಿನ ಮ್ಯಾಲ ನಡಿಯೋ ಮಾತು ಬರೇ ಒಂದ, ಜೀಪಿನಂಥ ಗಾಡಿಯಾಗ ಮಹೀಂದ್ರಾ ಥಾರ್ ತಗೊಳ್ಳೋದೋ ಮಾರುತಿ ಜಿಮ್ನಿ ತಗೊಳ್ಳೋದೋ, ಇಲ್ಲಾ ಸಾಲ ಇನ್ನೊಂಚೂರು ಜಾಸ್ತಿ ಮಾಡಿ ದೊಡ್ಡ ಥಾರ್ ರಾಕ್ಸ್‌ಗೇ ಹೋಗಿಬಿಡೋದೋ ಅಂತ. ಗಂಡಂದು ಒಂದು ದಾರಿ, ಹೆಂಡ್ತಿದು ಇನ್ನೊಂದು ದಾರಿ, ಕಡೀಕ ಇಬ್ರೂ ನನ್ನ ಕಡೆ ತಿರುಗಿ "ಅಕ್ಕಾರ, ನೀವರ ಹೇಳ್ರಿ" ಅಂತಾರ.

ನಿಮ್ಮ ಪುಟದ ಮ್ಯಾಲ ನಂದೊಂದು ತಕರಾರು ಐತಿ. ಹೊಸ ಗಾಡಿ ಬಂದಾಗೆಲ್ಲ ಹಾರ್ಸ್‌ಪವರ್ ಎಷ್ಟು, ಟಾರ್ಕ್ ಎಷ್ಟು, ಸ್ಕ್ರೀನ್ ಎಷ್ಟು ಇಂಚು ಅಂತ ಚಂದ ಬರೀತೀರಿ, ಆದ್ರ ಬರ್ದೋರು ಪೂರಾ ಡ್ರೈವರ್ ಸೀಟಿನ್ಯಾಗ ಕುಂತ ಬರ್ದಾರ ಅನ್ನೋದು ಓದಿದ್ರ ಗೊತ್ತಾಗ್ತೈತಿ. ನಮ್ಮ ಕಡೆ ಫ್ಯಾಮಿಲಿ ಟೂರ್ ಅಂದ್ರ ಸ್ಟೇರಿಂಗ್ ಹಿಡಿಯಾಂವ ಒಬ್ಬ, ಉಳದೋರೆಲ್ಲ ಬ್ಯಾರೆ ಸೀಟಿನ್ಯಾಗ, ಅದ್ರಾಗೂ ಹೆಣ್ಮಕ್ಕಳು, ಹುಡುಗ್ರು, ವಯಸ್ಸಾದೋರು ಹಿಂದ. ಅವ್ರ ಬಗ್ಗೆ ನೀವು ಬರಿಯೋದು ಒಂದ ಸಾಲು, "ಹಿಂಬದಿ ಆಸನ ಪರವಾಗಿಲ್ಲ" ಅಂತ. ಯಾರಿಗೆ ಪರವಾಗಿಲ್ಲ?

ಮೊನ್ನೆ ಕಾರಟಗಿ ಕಡೆಯೋರು ಒಂದು ಜೋಡಿ ಗೆಳ್ಯಾನ ಮೂರು ಬಾಗ್ಲದ ಥಾರ್ ಇಸ್ಕೊಂಡು ಟ್ರಯಲ್ ನೋಡಾಕ ಹೊಂಟಿದ್ರು, ದಾರ್ಯಾಗ ಗಾಳಿ ಚೆಕ್ ಮಾಡ್ಸಾಕ ನಮ್ಮಲ್ಲಿ ನಿಂತ್ರು. ಅವ್ರ ಜೊತಿ ಅತ್ತಿ ಇದ್ರು, ಇಳಕಲ್ ಸೀರಿ ಉಟ್ಟಿದ್ರು. ಅವ್ರು ಗಾಡಿ ಇಳಿಯೋದ ನೋಡ್ಬೇಕಿತ್ರಿ. ಮುಂದಿನ ಎಡಗಡೆ ಸೀಟು ಮಡಚಿ ಮುಂದಕ್ಕ ತಳ್ಳಬೇಕು, ಆ ಸಂದ್ಯಾಗಿಂದ ಬಗ್ಗಿ ಬರಬೇಕು, ಬೆಲ್ಟಿನ ಬಕಲ್‌ಗೆ ಸೆರಗು ಸಿಕ್ಕಿತ್ತು, ಬಿಡಿಸಿಕೊಂಡು ನಿಚ್ಚಣಿಕಿ ಇಳ್ದಂಗ ಬೆನ್ನು ಹೊರಗ ಮಾಡಿ ಒಂದೊಂದ ಕಾಲು ಕೆಳಗ ಹುಡುಕಿ ಹುಡುಕಿ ಇಟ್ರು, ಸೊಸಿ ಕೆಳಗ ನಿಂತು ಹಿಡ್ಕೊಂಡಿದ್ಳು. ಮಗ ಆ ಕಡೆ ನಮ್ಮ ಹುಡುಗಗ ಲೋ ರೇಂಜ್ ಗೇರ್ ಬಗ್ಗೆ ಹೇಳಾಕತ್ತಿದ್ದ. ವಾಪಸ್ ಹತ್ತೋ ಟೈಮ್ ಬಂದಾಗ ಆ ಅಮ್ಮ ಹೇಳಿದ್ದು ಇಷ್ಟ, "ನಾ ಬಸ್ಸಿಗೆ ಬರ್ತೀನಪ್ಪ, ನೀವು ಇದ್ರಾಗ ಬರ್ರಿ."

ಹಂಗಂತ ಥಾರ್ ಕೆಟ್ಟ ಗಾಡಿ ಅಂತ ನಾ ಹೇಳಾಕತ್ತಿಲ್ಲ. 2020ರ ಗಾಂಧಿ ಜಯಂತಿ ದಿನ ಬಂದ ಈ ಮಾಡೆಲ್ ಗಂಡ ಹೆಂಡ್ತಿ ಇಬ್ರ ಅಡ್ಡಾಡೋರಿಗೆ ಭಾಳ ಚೊಲೋ ಐತಿ, ನಮ್ಮನಿಯವ್ರಿಗೂ ಅದ್ರ ಮ್ಯಾಲ ಕಣ್ಣೈತಿ ಅನ್ನೋದು ನಂಗೊತ್ತೈತಿ. ನಾಕು ಸೀಟು ಅಂತ ಆರ್‌ಸಿಯಾಗ ಇರ್ತೈತಿ, ಆದ್ರ ನಾಕೂ ಮಂದಿ ಕುಂತ್ರ ಹಿಂದ ಎರಡು ಬ್ಯಾಗ್ ಇಡೋದೂ ಕಷ್ಟ. ಮಂತ್ರಾಲಯಕ್ಕೋ ಶ್ರೀಶೈಲಕ್ಕೋ ಒಂದು ರಾತ್ರಿ ಇರಾಕ ಹೋಗೋ ಕುಟುಂಬ ಏನೇನು ಒಯ್ತೈತಿ ಅನ್ನೋದು ನಿಮಗ ಗೊತ್ತಿರ್ಬೇಕಲ್ರಿ, ಬುತ್ತಿ ಡಬ್ಬಿ, ನೀರಿನ ಕ್ಯಾನು, ಚಾದರ, ಮಗು ಇದ್ರ ಅದ್ರದ್ದ ಒಂದು ಚೀಲ.

ಜಿಮ್ನಿ ಐದು ಬಾಗ್ಲದ್ದು 2023ರ ಜೂನ್‌ನ್ಯಾಗ ಬಂತು. ಮಜಾ ಏನಂದ್ರ ಅದರ ಉದ್ದಾನೂ ಮೂರು ಬಾಗ್ಲದ ಥಾರ್ ಉದ್ದಾನೂ ಒಂದ, 3985 ಮಿಲಿಮೀಟರ್. ಎರಡೂ ನಾಕು ಮೀಟರ್ ಒಳಗ ಅದಾವ. ಜಿಮ್ನಿ ಅಗಲ 1645 ಅಷ್ಟ, ಆನೆಗುಂದಿ ಒಳಗಿನ ಓಣ್ಯಾಗ, ನಮ್ಮ ಗಂಗಾವತಿ ಬಜಾರದಾಗ ಎದುರಿಗೆ ಟಂಟಂ ಬಂದ್ರೂ ಸರದು ಹೋಗ್ತೈತಿ, ಹಿಂಗಾಗಿ ಗಾಡಿ ಹೊಡಿಯೋ ಹೆಣ್ಮಕ್ಕಳಿಗೆ ಇದ ಮನಸ್ಸಿಗೆ ಬರ್ತೈತಿ. ಹಿಂದಿನ ಬಾಗ್ಲಾ ಬ್ಯಾರೆ ಐತಿ, ಅತ್ತಿ ಮಾವ ಆರಾಮ ಹತ್ತತಾರ. ಆದ್ರ ನಾಕು ಸೀಟಂದ್ರ ನಾಕ, ಹಿಂದ ಮೂರನೇದಾವ್ರಿಗೆ ಬೆಲ್ಟೂ ಇಲ್ಲ ಜಾಗಾನೂ ಇಲ್ಲ, ಡಿಕ್ಕಿ 208 ಲೀಟರ್. ಹಿಂದ ಎಸಿ ವೆಂಟ್ ಇಲ್ಲ. ಬೆಂಗಳೂರಾಗ ಕುಂತು ಬರಿಯೋರಿಗೆ ಇದು ಸಣ್ಣ ಮಾತು, ಮೇ ತಿಂಗಳ ಮಧ್ಯಾನ 42 ಡಿಗ್ರಿ ಬಿಸಲಾಗ ಸಿಂಧನೂರಿಂದ ರಾಯಚೂರಿಗೆ ಹಿಂದ ಕುಂತು ಹೋಗೋ ಮಗೂಗ ಸಣ್ಣದಲ್ಲ. ಥಾರ್‌ನ್ಯಾಗೂ ಇರಲಿಲ್ಲ, 2025ರ ಹೊಸದ್ರಾಗ ಕೊಟ್ಟಾರ. ಇನ್ನ ಜಿಮ್ನಿ ಇಂಜಿನ್ ಒಂದೂವರೆ ಲೀಟರ್ ಪೆಟ್ರೋಲು, ನಾಕು ಮಂದಿ ಸಾಮಾನು ಎಲ್ಲಾ ತುಂಬ್ಕೊಂಡು ಘಾಟ್ ಹತ್ತಬೇಕಾದ್ರ ಗೇರ್ ಇಳಿಸಿ ಇಳಿಸಿ ಹೊಡೀಬೇಕು, ಆಟೋಮ್ಯಾಟಿಕ್ ತಗೊಂಡ್ರ ಅದಕ್ಕ ನಾಕ ಗೇರು.

ರಾಕ್ಸ್ 2024ರ ಆಗಸ್ಟ್ 15ಕ್ಕ ಬಂತು, ಐದು ಬಾಗ್ಲಾ, ಐದು ಸೀಟು, ಹಿಂದ ಎಸಿ, ಹಿಂದಿನ ಸೀಟು ಸ್ವಲ್ಪ ಒರಗತೈತಿ, ಡಿಕ್ಕಿ ಛತ್ತಿನ ತನಕ ತುಂಬಿದ್ರ 644 ಲೀಟರ್. ಅತ್ತಿ ಮಾವ ಜೋಡಿ ಇರೋ ಮನಿಗೆ ಈ ಮೂರರಾಗ ಇದ ಸರಿ ಅಂತ ನಾನು ಬೆಂಚಿನ ಮ್ಯಾಲಿನ ಮಂದಿಗೆ ಹೇಳೋದು, ಪಕ್ಕಕ್ಕ ಕಾಲಿಡಾಕ ಸ್ಟೆಪ್ ಹಾಕ್ಸಿಕೊಂಡ್ರ. ಫೋರ್ ಬೈ ಫೋರ್, ಅಂದ್ರ ಇಂಜಿನ್ ಶಕ್ತಿ ನಾಕೂ ಚಕ್ರಕ್ಕ ಹೋಗೋದು, ಬೇಕಂದ್ರ ಡೀಸೆಲ್ ಒಂದರಾಗ ಸಿಗ್ತೈತಿ, ರೇಟ್ ಅಲ್ಲೇ ಏರ್ತೈತಿ. ಶುರುವಿಗೆ ಅದ್ರ ಒಳಗ ಪೂರಾ ಬಿಳಿ ಸೀಟು ಕೊಟ್ಟಿದ್ರು ನೋಡ್ರಿ, ಅದನ್ನ ಯಾರು ಯೋಚ್ನೆ ಮಾಡಿದ್ರೋ ಅವ್ರು ಒಮ್ಮೆ ಸಂಡೂರು ದೋಣಿಮಲೈ ರೋಡಿಗೆ ಬರ್ಬೇಕಿತ್ತು, ಅದಿರು ಲಾರಿ ಹಿಂದ ಗ್ಲಾಸ್ ಇಳಿಸಿಕೊಂಡು ಹತ್ತು ನಿಮಿಷ ಹೋದ್ರ ಸಾಕು ಸೀಟು ಕಾವಿ ಬಟ್ಟಿ ಆಗ್ತಿತ್ತು. ಆಮ್ಯಾಲ ಕಂದು ಬಣ್ಣಾನೂ ಕೊಟ್ರು.

ಆರೇಳು ಮಂದಿ ಇದ್ರ ಸ್ಕಾರ್ಪಿಯೋ ಎನ್ ಐತಿ, ಗೂರ್ಖಾ ಐದು ಬಾಗ್ಲದ್ದೈತಿ. ಗೂರ್ಖಾಕ್ಕ ಮುಂದ ಹಿಂದ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್ (ಎರಡೂ ಬದಿ ಚಕ್ರ ಕೂಡೇ ತಿರುಗೋಹಂಗ ಮಾಡೋದು) ಇರ್ತೈತಿ, ಕೆಸರಿಗೆ ಅದ ರಾಜ. ಆದ್ರ ಖರೆ ಹೇಳ್ಬೇಕಂದ್ರ ನಮ್ಮ ಭಾಗದಾಗ ಅಷ್ಟು ಮಂದಿ ಜಾತ್ರಿಗೆ ಹೋಗಬೇಕಂದ್ರ ಇವತ್ತಿಗೂ ಬಾಡಿಗಿ ಕ್ರೂಸರ್ ಹೇಳ್ತಾರ.

ಈಗ ಫೋರ್ ಬೈ ಫೋರ್ ಹಾಕೋ ಆ ಎರಡನೇ ಲಿವರ್ ವಿಷಯ, ಎಲ್ಲಾ ಜಗಳ ಅದರ ಸಲುವಾಗೇ ಅಲ್ಲೇನ್ರಿ. ಥಾರ್ ಆಗ್ಲಿ ಜಿಮ್ನಿ ಆಗ್ಲಿ ಇವೆಲ್ಲ ಪಾರ್ಟ್ ಟೈಮ್ ಫೋರ್ ಬೈ ಫೋರ್, ಬೇಕಾದಾಗಷ್ಟ ಹಾಕ್ಕೊಳ್ಳೋದು. ಮುಂದಿನ ಆಕ್ಸಲ್ಲು ಹಿಂದಿನ ಆಕ್ಸಲ್ಲು ನಡುವ ಬ್ಯಾರೆ ಬ್ಯಾರೆ ವೇಗದಾಗ ತಿರುಗಾಕ ಬಿಡೋ ಡಿಫರೆನ್ಷಿಯಲ್ ಇರಲ್ಲ, ಲಿವರ್ ಮ್ಯಾಲಿನ ನಾಕು ಚಕ್ರದ ಮಾಮೂಲಿ ವೇಗದ ಗುರುತು 4ಎಚ್‌ಗೆ ಹಾಕಿದ ಕೂಡ್ಲೇ ಎರಡೂ ಒಂದ ವೇಗದಾಗ ತಿರುಗ್ಬೇಕು. ಮಣ್ಣಾಗ ಉಸಕನ್ಯಾಗ ಚಕ್ರ ಒಂಚೂರು ಜಾರಿ ಸರಿ ಮಾಡ್ಕೋತೈತಿ, ಒಣ ಡಾಂಬರ್ ಮ್ಯಾಲ ತಿರುವಿನ್ಯಾಗ ಜಾರಾಕ ಬರಲ್ಲ, ಗಾಡಿ ಹಿಡದಂಗ ಆಗ್ತೈತಿ, ಟೈರು ಉಜ್ಜತಾವ, ಗೇರ್ ಬಾಕ್ಸಿಗೂ ಒತ್ತಡ. ಹೈವೇದಾಗ ಗ್ರಿಪ್ ಇರ್ಲಿ ಅಂತ 4ಎಚ್‌ನ್ಯಾಗ ಹೊಡ್ಕೊಂಡು ಬರೋರು ಅದಾರ್ರಿ, ಟೈರ್ ನೋಡಿದ್ರ ನಮಗ ಗೊತ್ತಾಗ್ತೈತಿ. ಇನ್ನ 4ಎಲ್ ಅನ್ನೋ ಲೋ ರೇಂಜ್ ಗೇರ್ ಇರೋದು ನಡಿಗಿ ವೇಗದಾಗ ಕಡಿದಾದ ದಿಬ್ಬ ಹತ್ತಾಕ, ಇಳಿಯಾಕ. ಬ್ರೇಕಿಗೆ ಈ ನಾಕು ಚಕ್ರದ ಶಕ್ತಿಯಿಂದ ಏನೂ ಉಪಯೋಗ ಇಲ್ಲ, ಬ್ರೇಕು ಎಲ್ಲಾ ಗಾಡಿಗೂ ನಾಕು ಚಕ್ರಕ್ಕ ಇರ್ತೈತಿ.

ಅದಕ್ಕಿಂತ ದೊಡ್ಡದು ನಮ್ಮ ಎರಿ ಮಣ್ಣು. ಸಿರುಗುಪ್ಪ, ಸಿಂಧನೂರು ಕಡೆ ಮಳಿ ಬಿದ್ದ ಮ್ಯಾಲ ಹೊಲದ ದಾರಿಗೆ ಇಳಿದ್ರ ಆ ಮಣ್ಣು ಟೈರಿನ ಗೀರ್ನ್ಯಾಗ ತುಂಬಿ ಟೈರು ರೊಟ್ಟಿ ಬಡಿಯೋ ಕೊಣಮಿಗಿ ತಳದಂಗ ನುಣ್ಣಗಾಗ್ತೈತಿ, ಆಮ್ಯಾಲ ಎರಡು ಚಕ್ರದ ಬದ್ಲಿ ನಾಕು ಚಕ್ರ ನಿಂತಲ್ಲೇ ತಿರುಗ್ತಾವ, ಅಷ್ಟ ಫರಕು. ಕಂಪನಿ ಹಾಕಿ ಕೊಡೋ ರೋಡ್ ಟೈರು ಅದಕ್ಕ ಆಗಿ ಬರಲ್ಲ, ಮಣ್ಣಿಗೂ ರೋಡಿಗೂ ನಡಿಯೋ ಆಲ್ ಟೆರೇನ್ ಟೈರು ಹಾಕಿದ್ರೂ ಎರಿಗೆ ಟ್ರ್ಯಾಕ್ಟರ್ ಗತಿ. ನದಿ ದಂಡಿ ಉಸಕ ಆದ್ರ ಟೈರಿನ ಗಾಳಿ 20 ಪಿಎಸ್ಐ ಆಸುಪಾಸು ಇಳಿಸಿದ್ರ ದಾಟ್ತೈತಿ, ಮತ್ತ ಡಾಂಬರಿಗೆ ಬಂದ ಕೂಡ್ಲೇ ತುಂಬಿಸ್ಕೋಬೇಕು. ಟೈರ್ ಖರ್ಚೂ ಗಾಡಿ ತಗೊಳ್ಳೋ ಮೊದ್ಲ ಕೇಳ್ರಿ, ಜಿಮ್ನಿಗೆ 195/80 ಆರ್15 ಸಾಕು, ರಾಕ್ಸ್‌ನ ಮ್ಯಾಲಿನ ಮಾಡೆಲ್‌ಗೆ 255/60 ಆರ್19, ಐದು ಟೈರ್ ಒಮ್ಮೆ ಬದ್ಲಿ ಮಾಡೋ ದಿನ ಈ ಫರಕು ಗೊತ್ತಾಗ್ತೈತಿ. (ನಂಗೇನು, ದೊಡ್ಡ ಟೈರ್ ಮಾರಿದ್ರ ನಮಗ ಲಾಭ.)

ಡ್ಯಾಮಿನಿಂದ ನೀರು ಬಿಟ್ಟಾಗ ಕಂಪ್ಲಿ ಸೇತುವಿ ಮುಳಗ್ತೈತಲ್ಲ, ಆಗ ನಂದು ಫೋರ್ ಬೈ ಫೋರ್ ಐತಿ ಅಂತ ಹೆಂಡ್ತಿ ಮಕ್ಕಳ್ನ ಕೂಡಿಸ್ಕೊಂಡು ದಾಟಾಕ ನೋಡೋರಿಗೆ ನೀವ ಒಂದು ಮಾತು ಬರೀಬೇಕ್ರಿ. ಥಾರ್ 650 ಮಿಲಿಮೀಟರ್ ನೀರಾಗ ಹೋಗ್ತೈತಿ ಅಂತ ಕಂಪನಿ ಹೇಳೋದನ್ನ ನಿಂತ ನೀರಿನ ಲೆಕ್ಕ ಅಂತ ತಿಳ್ಕೋಬೇಕು, ಹರಿಯೋ ತುಂಗಭದ್ರಾದ್ದಲ್ಲ. ಕಡೇಬಾಗಿಲು ಬುಕ್ಕಸಾಗರ ಸೇತುವಿ ಮ್ಯಾಲ ಸುತ್ತಿ ಬಂದ್ರ ಏನ್ ಹೋಗ್ತೈತಿ.

ಮತ್ತ ಟೂರ್ ಅಂತ ಹೋಗೋ ಜಾಗನರ ನೋಡ್ರಿ. ಹಂಪ್ಯಾಗ ವಿಠ್ಠಲ ದೇವಸ್ಥಾನದ ತನಕ ಯಾವ ಗಾಡೀನೂ ಬಿಡಲ್ಲ, ದೂರ ನಿಲ್ಲಿಸಿ ಬ್ಯಾಟರಿ ಗಾಡ್ಯಾಗ ಹೋಗಬೇಕು. ಅಂಜನಾದ್ರಿಗೆ 575 ಮೆಟ್ಲ, ಅಲ್ಲಿ ಫೋರ್ ಬೈ ಫೋರ್ ಅಂದ್ರ ನಮ್ಮ ಕೈ ಕಾಲ. ಕೊಡಚಾದ್ರಿಗೆ ಅಲ್ಲಿನ ಜೀಪಿನೋರು ಅದಾರ, ಆ ದಾರಿ ಅವ್ರಿಗೆ ಗೊತ್ತು. ಗೋವಾ ಬೀಚಿನ್ಯಾಗ ಗಾಡಿ ಇಳಿಸೋದು ಕಾನೂನಿಗೆ ವಿರುದ್ಧ, ಕೇಸ್ ಹಾಕ್ತಾರ. ಇಟಗಿ ಮಹಾದೇವ ಗುಡಿ, ಮುದಗಲ್ ಕೋಟಿ, ಮಸ್ಕಿ ಶಾಸನ, ಇವಕ್ಕೆಲ್ಲ ಆಲ್ಟೋನೂ ಹೋಗ್ತೈತಿ. ಉಳಿಯೋದು ಮಳಿಗಾಲದಾಗ ಸಕಲೇಶಪುರದ ಎಸ್ಟೇಟ್ ದಾರಿ, ಹೊಲ ಇದ್ದೋರಿಗೆ ಹೊಲದ ದಾರಿ, ಧೈರ್ಯ ರಜಾ ಎರಡೂ ಇದ್ದೋರಿಗೆ ಲಡಾಖ್. ಇಂಥ ದಾರ್ಯಾಗ ನೀವು ಅಡ್ಡಾಡ್ತೀರಿ ಅಂದ್ರ ಲಿವರ್ ತಗೊಳ್ರಿ, ಇಲ್ಲಂದ್ರ ಅದ ಥಾರ್ ಹಿಂದಿನ ಎರಡು ಚಕ್ರಕ್ಕಷ್ಟ ಶಕ್ತಿ ಹೋಗೋದು ಸಿಗ್ತೈತಿ. ಜಿಮ್ನಿಗೆ ಆ ದಾರಿ ಇಲ್ಲ, ಅದ್ರ ಎಲ್ಲಾ ಮಾಡೆಲ್ಲೂ ಫೋರ್ ಬೈ ಫೋರ್.

ಇದ್ರಾಗ ರೊಕ್ಕದ ಮಾತು ಸಣ್ಣದಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದ್ಲಾದ ಮ್ಯಾಲ ಒಂದೂವರೆ ಲೀಟರ್ ಡೀಸೆಲ್‌ನ ಹಿಂಚಕ್ರದ ಥಾರ್‌ಗೆ 18 ಪರ್ಸೆಂಟು, ಅದ ಉದ್ದದ ಜಿಮ್ನಿಗೆ 40, ಯಾಕಂದ್ರ ಪೆಟ್ರೋಲ್ ಇಂಜಿನ್ 1200 ಸಿಸಿ ದಾಟೈತಿ. ಥಾರ್‌ನ ಫೋರ್ ಬೈ ಫೋರ್ ಇಂಜಿನ್‌ಗೂ 40. ಅದರ ಮ್ಯಾಲ ನಮ್ಮ ರಾಜ್ಯದ ರೋಡ್ ಟ್ಯಾಕ್ಸು, 10 ಲಕ್ಷ ದಾಟಿದ್ರ 17, 20 ದಾಟಿದ್ರ 18 ಪರ್ಸೆಂಟು, ಸೆಸ್ ಬ್ಯಾರೆ. ನಿಮ್ಮ ಪುಟದಾಗ ರೋಡ್ ಟ್ಯಾಕ್ಸ್ ಬಿಟ್ಟು ಎಕ್ಸ್ ಶೋರೂಮ್ ರೇಟ್ ಅಷ್ಟ ಹಾಕ್ತೀರಿ, ಬೆಂಚಿನ ಮ್ಯಾಲ ಕುಂತೋರು ಅದನ್ನ ನಂಬಿ ಇಎಂಐ ಲೆಕ್ಕ ಹಾಕ್ಕೊಂಡು ಬಂದಿರ್ತಾರ.

ಅದಕ್ಕ ಕೇಳ್ತೀನಿ, ಮುಂದಿನ ಸಲ ಇಂಥ ಗಾಡಿ ಬಗ್ಗೆ ಬರಿಯೋ ಮುಂದ ನಿಮ್ಮ ವರದಿಗಾರ್ರು ಅವ್ರ ತಾಯಾರ್ನ, ಮನಿಯವ್ರ್ನ, ಮಕ್ಕಳ್ನ ಕರ್ಕೊಂಡು ಹೊಂಡ್ಲಿ. ಸೀರಿ ಉಟ್ಟೋರು ಹತ್ತೋ ಎತ್ತರ ಟೇಪ್ ಹಿಡದು ಅಳೀರಿ, ಹಿಂದ ಕುಂತೋರಿಗೆ ಮಧ್ಯಾನ ಮೂರಕ್ಕ ಎಸಿ ತಟ್ಟತೈತಿಲ್ಲೋ ಕೇಳ್ರಿ, ನಾಕು ಮಂದಿ ಕುಂತ ಮ್ಯಾಲ ಎಷ್ಟು ಬ್ಯಾಗ್ ಹಿಡಿತಾವ ಫೋಟೋ ಹಾಕ್ರಿ, ಹೆಂಡ್ತಿ ಕೈಗೂ ಸ್ಟೇರಿಂಗ್ ಕೊಟ್ಟು ಆಕಿ ಏನಂದ್ಳು ಅನ್ನೋದನ್ನ ಆಕಿ ಮಾತಿನ್ಯಾಗ ಬರೀರಿ, ಆನ್ ರೋಡ್ ರೇಟ್ ನಮ್ಮ ಜಿಲ್ಲಾದ್ದು ಹಾಕ್ರಿ. ಗಂಗಾವತಿ ಮ್ಯಾಲ ಹಾದು ಹೋದ್ರ ನಮ್ಮ ಅಂಗಡಿ ಮುಂದ ನಿಲ್ಲಸ್ರಿ, ಐದೂ ಟೈರಿಗೆ ಗಾಳಿ ಫ್ರೀ.

ಇತಿ,
ಗಂಗಾವತಿಯ ಒಬ್ಬ ಟೈರ್ ಅಂಗಡಿ ಮಾಲಕಿ
ಕೊಪ್ಪಳ ಜಿಲ್ಲೆ